ಒಂದೇ ಘಟನೆ, ಎರಡು ವರದಿ

ಪ್ರಶ್ನೆ: ಒಂದೇ ಘಟನೆಯನ್ನು ಬೇರೆ ಬೇರೆ ದೇಶಗಳ ಸುದ್ದಿಸಂಸ್ಥೆಗಳು ಬೇರೆ ಬೇರೆಯಾಗಿ ವರದಿ ಮಾಡುವುದೇಕೆ? ಅವು ಸುಳ್ಳು ಹೇಳುತ್ತವೆಯೇ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ, ಪದಗಳ ಆಯ್ಕೆಯೇ ಸಾಕಾಗುತ್ತದೆ. 1983ರಲ್ಲಿ ಸೋವಿಯತ್ ಯುದ್ಧವಿಮಾನವೊಂದು ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 269 ಮಂದಿ ಸತ್ತರು. 1988ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಉರುಳಿಸಿದಾಗ 290 ಮಂದಿ ಸತ್ತರು. ಈ ಎರಡರ ಬಗೆಗಿನ ಅಮೆರಿಕದ ವರದಿಗಳನ್ನು ಹೋಲಿಸಿ 1991ರಲ್ಲಿ ಪ್ರಬಂಧ ಪ್ರಕಟಿಸಿದ ಸಂವಹನ ವಿದ್ವಾಂಸ ರಾಬರ್ಟ್ ಎಂಟ್‌ಮನ್, ಮೊದಲನೆಯದನ್ನು ನೈತಿಕ ಅಪರಾಧವೆಂದೂ ಎರಡನೆಯದನ್ನು ತಾಂತ್ರಿಕ ಸಮಸ್ಯೆಯೆಂದೂ ಚಿತ್ರಿಸಲಾಗಿತ್ತೆಂದು ತೋರಿಸಿದರು. ಎರಡೂ ಘಟನೆಗಳ ಸಂದರ್ಭ ಒಂದೇ ಆಗಿರಲಿಲ್ಲ ಎಂಬುದು ನಿಜ. ಆದರೆ ಸತ್ತವರನ್ನು ಒಂದೆಡೆ ಮನುಷ್ಯರಾಗಿಯೂ ಇನ್ನೊಂದೆಡೆ ಬರಿಯ ಸಂಖ್ಯೆಯಾಗಿಯೂ ಕಾಣುವುದನ್ನು ಅದು ಸಮರ್ಥಿಸಲಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ಇದು ಯಾವುದೋ ಒಂದು ದೇಶದ ರೋಗವಲ್ಲ. ವಿದೇಶಾಂಗ ವಿಷಯಗಳಲ್ಲಿ ವರದಿಗಾರರು ಹೆಚ್ಚಾಗಿ ತಮ್ಮದೇ ಸರ್ಕಾರದ ವಕ್ತಾರರನ್ನು ಅವಲಂಬಿಸುವುದರಿಂದ, ಅವರ ಮಾತಿನ ಧಾಟಿಯೇ ಅರಿವಿಲ್ಲದೆ ಸುದ್ದಿಯ ಧಾಟಿಯಾಗುತ್ತದೆ. ಆದ್ದರಿಂದ ‘ಕೊಂದರು’ ಎಂದಿದೆಯೋ ‘ಸಾವು ಸಂಭವಿಸಿತು’ ಎಂದಿದೆಯೋ, ಕರ್ತೃವನ್ನು ಹೆಸರಿಸಲಾಗಿದೆಯೋ ಇಲ್ಲವೋ ಎಂಬುದನ್ನು ಗಮನಿಸಿ, ಎದುರು ಪಕ್ಷದ ದೇಶದ ವರದಿಯೊಂದನ್ನೂ ಅಷ್ಟೇ ಎಚ್ಚರದಿಂದ ಓದಿ.