ಕಪ್ಪು ಮೈ, ಹಳದಿ ಬಾಲದ ಕ್ಲೌನ್ ಮೀನು: ಇದು ಯಾವುದು, ಜೋಡಿ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಇಂಥದ್ದೇ ಮೀನು ಇಟ್ಟುಕೊಂಡು ಇದನ್ನೇ ಕೇಳುತ್ತಾ ತಿರುಗುತ್ತಿದ್ದೆ. ನೀವು ಹೇಳಿದ್ದು ಇಷ್ಟು: ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಪರೂಪದ ‘ಬ್ಲ್ಯಾಕ್ ನೀಮೊ’, ಆಸ್ಟ್ರೇಲಿಯದ್ದು ಅಂತ ಕೊಟ್ಟರು. ಮೈ ಕಪ್ಪು, ಬಿಳಿ ಪಟ್ಟೆ ಎರಡೇ, ಬಾಲ ಹಳದಿ. ಎರಡು ವರ್ಷದಿಂದ ಒಂಟಿ, ಈಗ ನಾಲ್ಕು ಇಂಚು. ಇದು ಯಾವ ಜಾತಿ, ಜೋಡಿಗೆ ಗಂಡು ತರಬೇಕಾ ಹೆಣ್ಣು ತರಬೇಕಾ, ಎಲ್ಲಿ ಸಿಗುತ್ತದೆ?

ಮೊದಲು ಜಾತಿ. ಓಸೆಲಾರಿಸ್ ಅಂದರೆ ಎಲ್ಲರೂ ‘ನೀಮೊ’ ಅನ್ನುವ ಕ್ಲೌನ್ ಜಾತಿ. ಆಸ್ಟ್ರೇಲಿಯದ ಡಾರ್ವಿನ್ ಕಡೆ ಅದರ ಕಪ್ಪು ಬಗೆ ಇರುವುದು ನಿಜ. ಆದರೆ ಅದಕ್ಕೆ ಮೂರು ಬಿಳಿ ಪಟ್ಟೆ ಇರುತ್ತವೆ, ಹಳದಿ ಬಾಲ ಇರುವುದಿಲ್ಲ. ಹಾಗಾಗಿ ನಿಮ್ಮದು ಅದಲ್ಲ. ಉಳಿಯುವ ಕ್ಲೌನ್ ಜಾತಿಗಳು ಮೂರು: ಕ್ಲಾರ್ಕೀ, ಸ್ಯಾಡಲ್‌ಬ್ಯಾಕ್, ಸೆಬೆ. ಅಂಗಡಿಗಳಲ್ಲಿ ಈ ಮೂರನ್ನೂ ಒಂದರ ಹೆಸರಲ್ಲಿ ಇನ್ನೊಂದು ಮಾರುತ್ತಾರೆ. ಬೇಕಂತಲೇ ಅಲ್ಲ, ಅವರಿಗೂ ಗೊತ್ತಿರುವುದಿಲ್ಲ ಅಷ್ಟೇ.

ಬಾಲದ ಬುಡ ನೋಡಿ. ಅಲ್ಲಿ ಮೂರನೇ ಬಿಳಿ ಪಟ್ಟೆ ಇದ್ದರೆ ಕ್ಲಾರ್ಕೀ. ನಡುವಿನ ಪಟ್ಟೆ ಬೆನ್ನ ಮೇಲೆ ಜೀನು ಹಾಕಿದ ಹಾಗಿದ್ದು, ಬಾಲ ಕಪ್ಪಗಿದ್ದು ಅಂಚು ಮಾತ್ರ ತೆಳು ಬಣ್ಣದ್ದಾಗಿದ್ದರೆ ಸ್ಯಾಡಲ್‌ಬ್ಯಾಕ್. ಪಟ್ಟೆ ಎರಡೇ ಇದ್ದು, ಎರಡನೆಯದು ಸ್ವಲ್ಪ ಹಿಂದಕ್ಕೆ ವಾಲಿ ಬೆನ್ನಿನ ರೆಕ್ಕೆಯವರೆಗೂ ಹತ್ತಿದ್ದು, ಬಾಲ ಪೂರ್ತಿ ಹಳದಿ ಆಗಿದ್ದರೆ ಸೆಬೆ. ಮೂತಿಯ ಹತ್ತಿರವೂ ಒಂದಿಷ್ಟು ಹಳದಿ ಇರಬಹುದು. ನೀವು ಬರೆದಿದ್ದನ್ನು ನೋಡಿದರೆ ನಿಮ್ಮದು ಸೆಬೆ ಅನ್ನುವುದು ನನ್ನ ಅಂದಾಜು.

ತಮಾಷೆ ಏನು ಗೊತ್ತಾ? ಸೆಬೆ ನಮ್ಮ ದೇಶದ್ದೇ ಮೀನು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ, ಅಂಡಮಾನಿನಲ್ಲಿ ಸಿಗುತ್ತದೆ. ಆಸ್ಟ್ರೇಲಿಯದ ರೇಟು ಕೊಟ್ಟು ರಾಮೇಶ್ವರದ ಕಡೆಯ ಮೀನು ತಂದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಜೋಡಿ ಹುಡುಕುವಾಗ ಇದರಿಂದ ಅನುಕೂಲವೇ ಆಗುತ್ತದೆ.

ಇಲ್ಲಿ ಒಂದು ಮಾತು. ಕ್ಲೌನ್ ಮೀನಿನ ವ್ಯಾಪಾರದಲ್ಲಿ ಜಾತಿ ಬೇರೆ, ತಳಿ ಬೇರೆ. ಸ್ನೋಫ್ಲೇಕ್, ಬ್ಲ್ಯಾಕ್ ಐಸ್, ಪಿಕಾಸೊ, ಪ್ಲಾಟಿನಂ ಅಂತ ಸಾವಿರಗಟ್ಟಲೆ ರೇಟು ಹೇಳುವವೆಲ್ಲ ತಳಿಗಳು. ಸ್ನೋಫ್ಲೇಕ್ ಅಂದರೆ ಓಸೆಲಾರಿಸ್ ಮೀನೇ, ಪಟ್ಟೆ ಮಾತ್ರ ಚೆಲ್ಲಾಪಿಲ್ಲಿ. ಪಿಕಾಸೊ ಅಂದರೆ ಪರ್ಕುಲಾ ಅನ್ನುವ ಇನ್ನೊಂದು ಕ್ಲೌನ್ ಜಾತಿ. ಅಂಥ ಮೀನಿಗೆ ಅದೇ ಜಾತಿಯ ಸಾದಾ ಮೀನು ತಂದರೂ ಜೋಡಿ ಆಗುತ್ತದೆ, ಮೀನಿಗೆ ಡಿಸೈನು ಗೊತ್ತಾಗುವುದಿಲ್ಲ. ಸೆಬೆ ಹಾಗಲ್ಲ, ಅದೇ ಒಂದು ಜಾತಿ. ಅದಕ್ಕೆ ಸೆಬೆಯನ್ನೇ ಹುಡುಕಿ.

ಇನ್ನು ಗಂಡೋ ಹೆಣ್ಣೋ. ಅಂಗಡಿಗೆ ಹೋಗಿ ‘ಒಂದು ಗಂಡು ಕೊಡಿ’ ಅಂತ ಕೇಳಬೇಡಿ, ಯಾವುದನ್ನೋ ಹಿಡಿದು ಕೊಡುತ್ತಾರೆ. ಕ್ಲೌನ್ ಮರಿಗಳು ಹುಟ್ಟುವಾಗ ಹೆಣ್ಣಾಗಿ ಹುಟ್ಟುವುದೇ ಇಲ್ಲ. ಬೆಳೆಯುತ್ತಾ ಮೊದಲು ಗಂಡಾಗುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಉಳಿಯುತ್ತದೆ, ಮಿಕ್ಕವು ಚಿಕ್ಕವಾಗಿಯೇ ಇರುತ್ತವೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಬದಲಾಗುತ್ತದೆ. ಒಮ್ಮೆ ಹೆಣ್ಣಾದ ಮೇಲೆ ಮಾತ್ರ ಹಿಂದಕ್ಕೆ ದಾರಿ ಇಲ್ಲ. ಎರಡು ವರ್ಷ ತೊಟ್ಟಿಗೆ ತಾನೇ ಯಜಮಾನಿಯಾಗಿ ನಾಲ್ಕು ಇಂಚು ಬೆಳೆದ ನಿಮ್ಮ ಮೀನನ್ನು ಹೆಣ್ಣು ಅಂತಲೇ ಲೆಕ್ಕ ಹಿಡಿಯಿರಿ. ಅದಕ್ಕೆ ಬೇಕಾಗಿರುವುದು ಒಂದು ಮರಿ, ಒಂದೂವರೆಯಿಂದ ಎರಡು ಇಂಚಿನ ಒಳಗಿನದು. ಅದು ತಾನಾಗಿಯೇ ಗಂಡಾಗುತ್ತದೆ.

ನಾನು ಇದನ್ನು ಕಲಿತದ್ದು ಮೀನು ಕಳೆದುಕೊಂಡು. ನನ್ನ ಸೆಬೆಗೆ ಜೋಡಿ ಬೇಕು ಅಂತ ಒಂದು ಅಂಗಡಿಗೆ ಹೋದೆ. ಅಲ್ಲಿದ್ದವರು ಕಪ್ಪನೆಯ ಮೀನೊಂದನ್ನು ತೋರಿಸಿ, ‘ಎರಡೂ ಕರಿ ಅದಾವಲ್ರೀ ಸರ್, ಅಳತೀನೂ ಬರೋಬ್ಬರಿ ಐತಿ, ಜೋಡಿ ಆಗ್ತಾವ ತಗೊಳ್ರಿ’ ಅಂದರು. ಮದುವೆಗೆ ಎತ್ತರ ನೋಡುವ ಹಾಗೆ ನಾನೂ ಅಳತೆ ಸರಿ ಇದೆ ಅಂತ ಖುಷಿಪಟ್ಟು ತಂದು ಸೀದಾ ತೊಟ್ಟಿಗೆ ಬಿಟ್ಟೆ. ಮೊದಲ ರಾತ್ರಿ ಒಂದನ್ನೊಂದು ಬಾಯಿ ಕಚ್ಚಿ ಹಿಡಿದುಕೊಂಡವು. ಮೂರನೇ ದಿನ ಬೆಳಿಗ್ಗೆ ಹೊಸದು ಫಿಲ್ಟರಿನ ಹಿಂದೆ ಸತ್ತು ಬಿದ್ದಿತ್ತು, ರೆಕ್ಕೆ ಚಿಂದಿ. ಕೈಯಲ್ಲಿ ಹಿಡಿದಾಗ ಬಾಲದ ಬುಡದ ಮೂರನೇ ಪಟ್ಟೆ ಕಂಡಿತು. ಜಾತಿಯೂ ತಪ್ಪು, ಅಳತೆಯೂ ತಪ್ಪು. ತರುವ ಮೊದಲು ಪಟ್ಟೆ ಎಣಿಸಲು ನನಗೇನು ಕಷ್ಟವಿತ್ತು?

ಎಲ್ಲಿ ಹುಡುಕುವುದು? ಹುಬ್ಬಳ್ಳಿ-ಧಾರವಾಡದಲ್ಲಿ ಸಿಹಿನೀರಿನ ಮೀನಿನ ಅಂಗಡಿ ಬೇಕಾದಷ್ಟಿವೆ, ಉಪ್ಪುನೀರಿನದು ಕಮ್ಮಿ. ಇಲ್ಲಿಗೆ ಬರುವುದು ಹೆಚ್ಚಾಗಿ ಚೆನ್ನೈ, ಮುಂಬೈ, ಬೆಂಗಳೂರಿನ ಮಾಲು. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನಿನ ದೊಡ್ಡ ಮಾರುಕಟ್ಟೆ. ನಿಮ್ಮ ಪರಿಚಯದ ಅಂಗಡಿಯವರಿಗೆ ‘ಬ್ಲ್ಯಾಕ್ ನೀಮೊ’ ಅನ್ನದೆ ‘ಸೆಬೆ, ಎರಡು ಪಟ್ಟೆ, ಹಳದಿ ಬಾಲ, ಎರಡಿಂಚಿನ ಒಳಗೆ’ ಅಂತ ಬರೆದುಕೊಡಿ. ಪ್ಯಾಕ್ ಮಾಡುವ ಮೊದಲು ವಿಡಿಯೊ ಕಳಿಸಲು ಹೇಳಿ. ಸಾಧ್ಯವಾದರೆ ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ. ಮಂಡಪಂನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸೆಬೆಯೂ ಸೇರಿ ಹಲವು ಕ್ಲೌನ್ ಜಾತಿಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಿದ್ದಾರೆ. ಹ್ಯಾಚರಿ ಮರಿಗೆ ರೋಗ ಕಮ್ಮಿ, ಗುಳಿಗೆ ಆಹಾರವನ್ನೂ ತಿನ್ನುತ್ತದೆ. ಸಮುದ್ರದಿಂದ ಒಂದು ಮೀನು ಹಿಡಿಯುವುದೂ ತಪ್ಪುತ್ತದೆ.

ತರಿಸುವುದಾದರೆ ಜೂನ್ ಕಳೆಯಲಿ. ಥರ್ಮಾಕೋಲ್ ಡಬ್ಬಿಯಲ್ಲಿ, ಆಕ್ಸಿಜನ್ ತುಂಬಿದ ಚೀಲದಲ್ಲಿ ರಾತ್ರಿ ಬಸ್ಸಿಗೆ ಹಾಕುತ್ತಾರೆ. ಏಪ್ರಿಲ್-ಮೇ ಬಿಸಿಲಲ್ಲಿ ಬಸ್ಸೊಂದು ಮೂರು ತಾಸು ಲೇಟಾದರೆ ಡಬ್ಬಿಯೊಳಗೆ ಸಾರು ಆಗಿರುತ್ತದೆ.

ಬಂದ ಮೇಲೆ ಸೀದಾ ತೊಟ್ಟಿಗೆ ಬಿಡಬೇಡಿ. ನಾಲ್ಕು ವಾರ ಬೇರೆ ಟಬ್ಬಿನಲ್ಲಿಡಿ. ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಒಂದು ತುಂಡು ಪೈಪು, ಅಷ್ಟು ಸಾಕು. ಕ್ಲೌನ್ ಮೀನಿಗೆ ಬ್ರೂಕ್ಲಿನೆಲ್ಲಾ ಅಂತ ಒಂದು ರೋಗ ಬರುತ್ತದೆ. ಮೈ ಮೇಲೆ ಬಿಳಿ ಲೋಳೆ, ಏದುಸಿರು, ಊಟ ಬಿಡುವುದು. ಎರಡು ಮೂರು ದಿನದಲ್ಲೇ ಮುಗಿಸಿಬಿಡುತ್ತದೆ. ಅದು ನಿಮ್ಮ ಎರಡು ವರ್ಷದ ಮೀನಿಗೆ ಹತ್ತಬಾರದು ಅಲ್ವಾ.

ನೀರಿನ ಬಗ್ಗೆಯೂ ಒಂದು ಮಾತು, ಟಬ್ಬಿಗೆ ಹೆಚ್ಚುವರಿ ಉಪ್ಪುನೀರು ಬೇಕಾಗುತ್ತದೆ. ನಮ್ಮ ಓಣಿಗೆ ನಲ್ಲಿ ನೀರು ಬರುವುದೇ ಐದಾರು ದಿನಕ್ಕೊಮ್ಮೆ, ಅದಕ್ಕೆ ಆರ್‌ಓ ನೀರನ್ನು ಮೊದಲೇ ಡ್ರಮ್ಮಿನಲ್ಲಿ ಹಿಡಿದಿಟ್ಟು ಸಮುದ್ರದ ಉಪ್ಪಿನ ಮಿಶ್ರಣ ಕಲಸುತ್ತೇನೆ. ಲೀಟರಿಗೆ ಸುಮಾರು 35 ಗ್ರಾಂ, ಉಪ್ಪುನೀರಿನ ಸಾಂದ್ರತೆ ಅಳೆಯುವ ಮಾಪಕದಲ್ಲಿ 1.025. ಒಮ್ಮೆ ಜಾಣತನ ಮಾಡಿ ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತಂದಿದ್ದೆ. ಆಗಸ್ಟ್ ತಿಂಗಳು, ಕಾಳಿ ನದಿ ತುಂಬಿ ಹರಿಯುತ್ತಿತ್ತು. ಮನೆಗೆ ಬಂದು ಅಳೆದರೆ ಉಪ್ಪು ಅರ್ಧಕ್ಕೂ ಕಮ್ಮಿ!

ನಾಲ್ಕು ವಾರ ಆದ ಮೇಲೆ ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮರಿಯನ್ನು ಹಾಕಿ ದೊಡ್ಡ ತೊಟ್ಟಿಯೊಳಗೆ ತೂಗುಬಿಡಿ. ತರಕಾರಿ ತೊಳೆಯುವ ಬುಟ್ಟಿಯಾದರೂ ಆಗುತ್ತದೆ. ಮೇಲೆ ಮುಚ್ಚಿ, ಮರಿ ಹಾರುತ್ತದೆ. ಒಂದು ವಾರ ಹತ್ತು ದಿನ ಹೀಗೇ ಇರಲಿ, ಒಂದನ್ನೊಂದು ನೋಡಿಕೊಳ್ಳಲಿ. ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ, ಲೈಟ್ ಆರಿಸಿ, ಸಂಜೆ ಹೊತ್ತು ಬಿಡಿ. ಕಲ್ಲು ಸರಿಸಿದರೆ ಹಳೆಯದಕ್ಕೆ ‘ಇದು ನನ್ನ ಜಾಗ’ ಅನ್ನುವ ಗಟ್ಟಿತನ ಸ್ವಲ್ಪ ಸಡಿಲಾಗುತ್ತದೆ.

ಆಮೇಲೆ ಕಣ್ಣಿಟ್ಟು ನೋಡಿ. ದೊಡ್ಡದು ಅಟ್ಟಿಸಿಕೊಂಡು ಬರುತ್ತದೆ, ಅಲ್ಲಲ್ಲಿ ಚಿವುಟುತ್ತದೆ. ಸೆಬೆ ಓಸೆಲಾರಿಸ್‌ನಷ್ಟು ಸಾಧು ಅಲ್ಲ. ಆಗ ಮರಿ ಮೈ ಓರೆ ಮಾಡಿ ಚಳಿ ಬಂದವರ ಹಾಗೆ ಗಡಗಡ ನಡುಗಿದರೆ ನಿಮ್ಮ ಕೆಲಸ ಆಯಿತು ಅಂತಲೇ ತಿಳಿಯಿರಿ. ‘ನೀನೇ ದೊಡ್ಡವಳು, ನಾನು ಜಗಳಕ್ಕಿಲ್ಲ’ ಅನ್ನುವ ಸೂಚನೆ ಅದು. ಮೊದಲ ಸಲ ನೋಡಿದಾಗ ಫಿಟ್ಸ್ ಬಂತೇನೋ ಅಂತ ನಾನು ಗಾಬರಿಯಾಗಿದ್ದೆ. ನಡುಗದೆ ತಿರುಗಿ ಬಿದ್ದರೆ, ಇಲ್ಲವೇ ಮೂಲೆಯಲ್ಲಿ ನೀರಿನ ಮೇಲ್ಭಾಗಕ್ಕೇ ಅಂಟಿಕೊಂಡಿದ್ದರೆ ತಕ್ಷಣ ಮತ್ತೆ ಬುಟ್ಟಿಗೆ ಹಾಕಿ, ಇನ್ನೊಂದು ವಾರ ಕಾಯಿರಿ.

‘ಅನಿಮೋನ್ ಇಲ್ಲದೆ ಜೋಡಿ ಆಗಲ್ಲ, ಜೊತೆಗೆ ಹವಳಾನೂ ತಗೊಳ್ಳಿ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅನಿಮೋನ್ ಅಂದರೆ ಹೂವಿನ ಹಾಗೆ ಕಾಣುವ ಒಂದು ಸಮುದ್ರಜೀವಿ. ಸಮುದ್ರದಲ್ಲಿ ಸೆಬೆಗೆ ಹ್ಯಾಡನ್ ಅನ್ನುವ ಕಾರ್ಪೆಟ್ ಅನಿಮೋನ್ ಮನೆ, ಹೌದು. ತೊಟ್ಟಿಯಲ್ಲಿ ಅದು ಬೇಕಿಲ್ಲ. ನನ್ನ ಜೋಡಿ ಮಣ್ಣಿನ ಹೂಕುಂಡದ ಒಳಗೇ ಸಂಸಾರ ಮಾಡುತ್ತಿದೆ. ಹವಳವಂತೂ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿಯ ಸಾಲಿನಲ್ಲಿ. ಸುಮ್ನೆ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ.

ಮೊಟ್ಟೆಗೆ ಒಂದು ವರ್ಷವಾದರೂ ತಾಳ್ಮೆ ಬೇಕು, ಮರಿ ಬೆಳೆಯಬೇಕಲ್ಲ.

ಈಗ ಪಕ್ಕದಿಂದ ತೆಗೆದ ಒಂದು ಫೋಟೊ ಹಾಕಿ. ನೀಲಿ ಲೈಟ್ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಬಾಲದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಬಾಲದ ಬುಡ ಚೆನ್ನಾಗಿ ಕಾಣಲಿ. ಅದನ್ನು ನೋಡುವವರೆಗೆ ಮರಿಗೆ ಆರ್ಡರ್ ಕೊಡಬೇಡಿ.