ಮ್ಯಾವೆರಿಕ್ಕೋ ಸಾಂತಾ ಕ್ರೂಜೋ ಎಂದು ಕೇಳಿದವರಿಗೆ

ಅಮೆರಿಕದಲ್ಲಿ ಸಣ್ಣ ಪಿಕಪ್ ಬೇಕು, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಫೋರ್ಡ್ ಮ್ಯಾವೆರಿಕ್ ಹೈಬ್ರಿಡ್ಡೋ ಹ್ಯುಂಡೈ ಸಾಂತಾ ಕ್ರೂಜೋ ಎಂದು ಕೇಳಿದ್ದೀರಿ. ಮನೆ ಹತ್ತಿರದ ಡೀಲರ್ ಬಳಿ ಈ ವಾರವೇ ಮುಂಗಡ ಕಟ್ಟುತ್ತೇನೆ ಎಂದೂ ಬರೆದಿದ್ದೀರಿ. ಆ ಸಾಲು ಓದಿ ಸುಮ್ಮನಿರಲಾಗಲಿಲ್ಲ. ನಾನು ಮಾಡಿದ್ದೂ ಅದನ್ನೇ.

2021ರಲ್ಲಿ ಮ್ಯಾವೆರಿಕ್ ಬಂದಾಗ ಆರಂಭದ ಬೆಲೆ 19,995 ಡಾಲರ್, ಸಾಗಣೆ ಖರ್ಚು ಬೇರೆ. ನಗರದ ಓಡಾಟದಲ್ಲಿ ಗ್ಯಾಲನ್ನಿಗೆ 42 ಮೈಲಿ. ಪಿಕಪ್ ಇಷ್ಟು ಮೈಲೇಜ್ ಕೊಡುತ್ತದೆ ಅಂದರೆ ಯಾರು ಬಿಡುತ್ತಾರೆ? ಆ ವರ್ಷವೇ ಮನೆಯಿಂದ ಹತ್ತು ನಿಮಿಷದ ಒಂದು ಚಿಕ್ಕ ಡೀಲರ್ ಬಳಿ ಆರ್ಡರ್ ಕೊಟ್ಟೆ. ಮಾತು ಚೆನ್ನಾಗಿತ್ತು, ಕೈಗೆ ಆರ್ಡರ್ ನಂಬರೂ ಬಂತು. ಸಾಲಿನಲ್ಲಿ ನಿಂತಾಯಿತು, ಇನ್ನು ಬರುವುದೊಂದೇ ಬಾಕಿ ಅಂದುಕೊಂಡೆ.

ತಪ್ಪಿದ್ದು ಅಲ್ಲೇ. ದೇಶಕ್ಕೆಲ್ಲ ಒಂದೇ ಸಾಲು ಅನ್ನುವುದು ಇಲ್ಲ. ಪ್ರತಿ ಡೀಲರ್‌ಗೂ ಇಷ್ಟು ಗಾಡಿ ಎಂದು ಕಂಪನಿ ಪಾಲು ಹಾಕುತ್ತದೆ. ಅದಕ್ಕೆ ಅಲೊಕೇಶನ್ ಅನ್ನುತ್ತಾರೆ. ಹೆಚ್ಚು ಮಾರುವವರಿಗೆ ಹೆಚ್ಚು ಪಾಲು. ನೀವು ಯಾವ ದಿನ ಆರ್ಡರ್ ಕೊಟ್ಟಿರಿ ಅನ್ನುವುದಕ್ಕಿಂತ ಯಾರ ಹತ್ತಿರ ಕೊಟ್ಟಿರಿ, ಅವರ ಪಟ್ಟಿಯಲ್ಲಿ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದೇ ಮುಖ್ಯ. ಬಣ್ಣ ಕೇಳಿದೆ, ಸೀಟಿನ ಬಟ್ಟೆ ಕೇಳಿದೆ, ಇವೆರಡನ್ನು ಮಾತ್ರ ಕೇಳಲಿಲ್ಲ. ನನ್ನ ಮುಂದೆ ಹನ್ನೊಂದು ಜನ ಇದ್ದರು. ಆ ಡೀಲರ್‌ಗೆ ಬರುತ್ತಿದ್ದ ಹೈಬ್ರಿಡ್‌ಗಳೋ ಬೆರಳೆಣಿಕೆ.

2022ರ ಜನವರಿಯಲ್ಲಿ ಆ ವರ್ಷದ ಮಾಡೆಲ್‌ಗೆ ಮ್ಯಾವೆರಿಕ್ ಆರ್ಡರ್ ತೆಗೆದುಕೊಳ್ಳುವುದೇ ನಿಂತಿತು. ನನ್ನದು 2023ರ ಮಾಡೆಲ್‌ಗೆ ಜಾರಿತು, ಬೆಲೆಯೂ ಏರಿತು. ನನಗಿಂತ ಎರಡು ತಿಂಗಳು ತಡವಾಗಿ, ಎರಡು ಗಂಟೆ ದೂರದ ದೊಡ್ಡ ಡೀಲರ್ ಬಳಿ ಬರೆಸಿದ ಸಹೋದ್ಯೋಗಿಯ ಗಾಡಿ ಆಗಲೇ ಆಫೀಸಿನ ಪಾರ್ಕಿಂಗ್‌ನಲ್ಲಿತ್ತು. ಅಷ್ಟರಲ್ಲಿ ನನ್ನ ಹಳೇ ಕಾರಿನ ಗೇರ್‌ಬಾಕ್ಸ್ ಹೋಯಿತು. ಪಿಕಪ್ ಬಂದ ದಿನ ಮಾರಿಬಿಡುವ ಕಾರಿಗೆ 2,800 ಡಾಲರ್ ಸುರಿದೆ. ಅದು ಈಗಲೂ ಹೊಟ್ಟೆ ಉರಿಸುತ್ತದೆ.

ಕೊನೆಗೆ ಆರ್ಡರ್ ರದ್ದು ಮಾಡಿ, ಹ್ಯುಂಡೈ ಡೀಲರ್ ಅಂಗಳದಲ್ಲೇ ನಿಂತಿದ್ದ, ಹೆಚ್ಚು ಶಕ್ತಿಯ ಟರ್ಬೊ ಎಂಜಿನ್ನಿನ ಸಾಂತಾ ಕ್ರೂಜ್ ತಂದೆ. ಹಿಂದಿನ ತೊಟ್ಟಿ ಮ್ಯಾವೆರಿಕ್‌ನದಕ್ಕಿಂತ ಗಿಡ್ಡ, ಮೈಲೇಜ್ ಸರಾಸರಿ 22. ಆ ಹೈಬ್ರಿಡ್‌ನದು 37. ಆದರೆ 5,000 ಪೌಂಡ್ ಎಳೆಯುತ್ತದೆ, ಮೊದಲ ಹೈಬ್ರಿಡ್ 2,000ಕ್ಕೇ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ನನ್ನ ಮನೆ ಮುಂದೆ ಇತ್ತು.

ಅದಕ್ಕೇ ಯಾವುದು ಒಳ್ಳೆಯದು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ಟಿಕರ್ ಬೆಲೆಗೆ, ಅಂದರೆ ಕಂಪನಿ ಗಾಡಿಯ ಮೇಲೆ ಅಂಟಿಸಿದ ಬೆಲೆಗೆ, ಹೇಳಿದ ತಿಂಗಳಲ್ಲಿ ಯಾವುದು ಕೈಗೆ ಸಿಗುತ್ತದೆ ಎಂದು ಕೇಳಿ. ಮುಂಗಡ ಕಟ್ಟುವ ಮುಂಚೆ ದೂರದವರೂ ಸೇರಿ ನಾಲ್ಕು ಡೀಲರ್‌ಗಳಿಗೆ ಫೋನ್ ಮಾಡಿ: ನಿಮ್ಮ ಪಾಲಿಗೆ ಎಷ್ಟು ಬರುತ್ತದೆ, ನಾನು ಎಷ್ಟನೆಯವನು? ಉತ್ತರ ಇಮೇಲ್‌ನಲ್ಲಿ ಬರಲಿ. ನೋಡೋಣ, ಮಾಡೋಣ ಅನ್ನುವವರ ಹತ್ತಿರ ಒಂದು ಡಾಲರೂ ಕಟ್ಟಬೇಡಿ.

ಟ್ರೇಲರ್ ಎಳೆಯಬೇಕು ಅಂದಿದ್ದೀರಿ, ತೂಕ ಬರೆದಿಲ್ಲ. 2025ರ ಮಾಡೆಲ್‌ನಿಂದ ಮ್ಯಾವೆರಿಕ್ ಹೈಬ್ರಿಡ್‌ಗೂ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಮತ್ತು 4,000 ಪೌಂಡ್ ಎಳೆಯುವ ಪ್ಯಾಕೇಜ್ ಇದೆ. ಟ್ರೇಲರ್ ಅದಕ್ಕಿಂತ ಭಾರ ಇದ್ದರೆ ಮ್ಯಾವೆರಿಕ್ ಮಾತೇ ಬೇಡ.