ಓದುಗರ ಪ್ರಶ್ನೆ: ‘ಇದೇ ನಿಮ್ಮ ಊರಲ್ಲವೇ’ ಎಂದದ್ದು ತಪ್ಪಾಯಿತೇ?

ಪ್ರಶ್ನೆ: ದೀಪಾವಳಿಯ ಹೊತ್ತಿಗೆ ನಮ್ಮ ತುಮಕೂರಿಗೆ ಬಂದು ರಸ್ತೆಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟನ್ ಮಹಿಳೆಯೊಬ್ಬರು ನನಗೆ ಹತ್ತು ವರ್ಷಗಳಿಂದ ಪರಿಚಿತರು. ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದವರು, ಐವತ್ತರ ಆಸುಪಾಸಿನವರು, ಕನ್ನಡವನ್ನು ನಮ್ಮಂತೆಯೇ ಆಡುತ್ತಾರೆ. ಈ ಸಲ, ತಾಯಿ ತೀರಿಕೊಂಡು ತಿಂಗಳಾಯಿತೆಂದೂ, ಕೊನೆಯ ದಿನಗಳಲ್ಲಿ ಆಕೆ ಟಿಬೆಟಿನ ಮನೆಗೆ ಹೋಗೋಣವೆಂದು ಹಟ ಹಿಡಿದಿದ್ದರೆಂದೂ ಹೇಳಿ ಕಣ್ಣೊರೆಸಿಕೊಂಡರು. “ಅಷ್ಟು ವರ್ಷ ಬಾಳಿದ ಮೇಲೆ ಇದೇ ನಿಮ್ಮ ಊರಲ್ಲವೇನಮ್ಮ” ಎಂದು ಸಮಾಧಾನ ಹೇಳಿದೆ. ಅವರು ಮರುಮಾತಾಡದೆ ಸ್ವೆಟರ್ ಮಡಿಸತೊಡಗಿದರು. ನನಗೆ ಕಸಿವಿಸಿಯಾಗಿ, ಬೇಡದಿದ್ದರೂ ಎರಡು ಸ್ವೆಟರ್ ಕೊಂಡು, ಚಿಲ್ಲರೆಯನ್ನೂ ಇಸಿದುಕೊಳ್ಳದೆ ಬಂದುಬಿಟ್ಟೆ. ನನ್ನ ಮಾತಿನಲ್ಲಿ ತಪ್ಪೇನಿತ್ತು?
— ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ನಿಮ್ಮ ಉದ್ದೇಶದಲ್ಲಿ ತಪ್ಪಿರಲಿಲ್ಲ. ಆದರೆ ಅವರು ತಾಯಿಯ ಊರಿನ ಮಾತು ತೆಗೆದಾಗ, ಆ ಮಾತು ಅಲ್ಲಿಗೇ ಮುಗಿಯುವಂತಹ ಉತ್ತರವನ್ನು ನೀವು ಕೊಟ್ಟಿರಿ.

ನಮ್ಮಲ್ಲಿ ಸತ್ತವರಿಗೆ ಹನ್ನೊಂದನೆಯ ದಿನವಿದೆ, ವರ್ಷಾಂತಿಕವಿದೆ; ನೆಂಟರು ಬಂದು ಅತ್ತು, ಉಂಡು, ದುಃಖಕ್ಕೆ ಒಂದು ಗಡುವು ಹಾಕಿ ಹೋಗುತ್ತಾರೆ. ಬಿಟ್ಟುಬಂದ ಊರಿಗೆ ಇಂತಹ ಯಾವ ಕ್ರಿಯೆಯೂ ಇಲ್ಲ. ಮನೆ ಅಲ್ಲೇ ಇರಬಹುದು, ಅಣ್ಣತಮ್ಮಂದಿರು ಬದುಕಿರಬಹುದು, ಹೋಗಲು ಮಾತ್ರ ಆಗದು. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಅವರು 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಮನೆಯವರನ್ನು ಗಮನಿಸುತ್ತ, ಕಳೆದುಕೊಂಡದ್ದು ಪೂರಾ ಹೋಯಿತೆಂದೂ ಹೇಳಲಾಗದ, ಉಳಿದಿದೆಯೆಂದೂ ಹೇಳಲಾಗದ ಇಂತಹ ದುಃಖವನ್ನು ಬೇರೆಯಾಗಿ ಗುರುತಿಸಿದರು. ಪಾವಗಡದಿಂದ ಬೆಂಗಳೂರಿಗೆ ಕೂಲಿಗೆ ಹೋದವರು ಯುಗಾದಿಗೆ ಬಸ್ಸು ಹತ್ತುತ್ತಾರೆ. ವಲಸೆ ಹೋದವರಿಗೂ ನಿರಾಶ್ರಿತರಿಗೂ ಇರುವ ಅಂತರ ಆ ಬಸ್ಸಿನಷ್ಟೇ.

ಇನ್ನೊಂದು ಸೂಕ್ಷ್ಮವಿದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದವರಲ್ಲಿ ಅನೇಕರು ಮೊದಲು ಬೆಟ್ಟಗಳಲ್ಲಿ ರಸ್ತೆ ಕೆಲಸ ಮಾಡಿ, 1960ರ ದಶಕದ ಆರಂಭದಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಕಾಡು ಕಡಿದು, ಆನೆಗಳ ಕಾಟ ಮತ್ತು ಎಂದೂ ಕಾಣದ ಸೆಕೆಯನ್ನು ತಾಳಿಕೊಂಡು ಮುಸುಕಿನ ಜೋಳ ಬೆಳೆದರು. ಅಂದಿನ ಮೈಸೂರು ಸರ್ಕಾರ ಜಮೀನು ಕೊಟ್ಟಿತು. ಆದರೆ ಅವರು ಇದನ್ನು ತಂಗುವ ಜಾಗವೆಂದೇ ಎಣಿಸಿದರು. ಭಾರತವು ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ, ಅವರು ವಿದೇಶಿಯರೆಂದು ನೋಂದಣಿ ಪತ್ರ ಪಡೆದು, ಅದನ್ನು ಆಗಾಗ ನವೀಕರಿಸಿಕೊಳ್ಳುತ್ತ ಬಂದಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತದ ಪ್ರಜೆಗಳು. ನಿಮ್ಮ ಪರಿಚಿತರೂ ಆ ಲೆಕ್ಕಕ್ಕೆ ಬರಬಹುದು. ಆದರೂ ಆ ಹಕ್ಕನ್ನು ಕೇಳದೆ ಇರುವವರಿದ್ದಾರೆ. ಕೇಳಿದರೆ ಹಿರಿಯರ ಆಸೆಯನ್ನು ಕೈಬಿಟ್ಟಂತೆ ಎಂಬ ಅಳುಕು ಅವರಿಗೆ. ನಿಮ್ಮ ಮಾತು ಆ ಅಳುಕಿಗೇ ತಗುಲಿತೇನೋ.

ಹಾಗೆಂದು ಅವರು ಇಲ್ಲಿ ಹೊಂದಿಕೊಂಡಿಲ್ಲವೆಂದು ತಿಳಿಯಬೇಡಿ. ಹಳೆಯದನ್ನು ಮರೆತವರೇ ಹೊಸ ನಾಡಿನಲ್ಲಿ ನೆಲೆಯೂರುತ್ತಾರೆ ಎಂಬುದು ನಮ್ಮಲ್ಲಿ ಬಲವಾಗಿರುವ, ನನ್ನ ಮಟ್ಟಿಗೆ ತಪ್ಪಾದ ನಂಬಿಕೆ. ಬೈಲಕುಪ್ಪೆಯವರು ಟಿಬೆಟಿನಲ್ಲಿದ್ದ ಸೆರಾ ಎಂಬ ಬೌದ್ಧ ವಿದ್ಯಾಪೀಠವನ್ನು ಇಲ್ಲಿ ಮತ್ತೆ ಕಟ್ಟಿಕೊಂಡರು, ತಮ್ಮ ಹೊಸವರ್ಷದ ಲೋಸಾರ್ ಹಬ್ಬ ಬಿಡಲಿಲ್ಲ, ಮಕ್ಕಳಿಗೆ ತಮ್ಮ ಲಿಪಿ ಕಲಿಸಿದರು. ಜೊತೆಗೆ ಲೂಧಿಯಾನದಿಂದ ಸರಕು ತಂದು ಊರೂರಿನಲ್ಲಿ ಮಾರುವಷ್ಟು ಭಾಷೆ, ವ್ಯವಹಾರಗಳನ್ನೂ ಕಲಿತರು. ಗುಂಪಾಗಿ ನೆಲೆಸಿದ್ದು ಅವರಿಗೆ ಒದಗಿದ ಭಾಗ್ಯ. ಯುರೋಪಿನ ನಗರಗಳಲ್ಲಿ ಚದುರಿಹೋದ ಸಿರಿಯಾದ ಕುಟುಂಬಗಳಿಗೆ, ತಮ್ಮ ಮಾತಿನಲ್ಲಿ ದುಃಖ ಹೇಳಿಕೊಳ್ಳಲು ನೆರೆಹೊರೆಯೇ ಇಲ್ಲದಿರಬಹುದು. ಬಾಂಬಿನ ನೆನಪಿನಷ್ಟೇ, ಕಾಗದಪತ್ರಕ್ಕಾಗಿ ಕಾಯುವುದೂ, ವೈದ್ಯರಾಗಿದ್ದವರು ಅಲ್ಲಿ ಟ್ಯಾಕ್ಸಿ ಓಡಿಸಬೇಕಾಗುವುದೂ ಮನಸ್ಸನ್ನು ಹಣ್ಣುಮಾಡುತ್ತವೆ.

ಮಗಳ ದುಃಖ ತಾಯಿಯದಕ್ಕಿಂತ ಬೇರೆ. ಆ ಮನೆಯನ್ನು ಅವರು ಕಂಡಿಲ್ಲ. ಅದರ ವಿಷಯ ಹೇಳುತ್ತಿದ್ದ ತಾಯಿಯೂ ಈಗ ಇಲ್ಲ. ಆದ್ದರಿಂದ ಮುಂದಿನ ಸಲ, “ನಿಮ್ಮಮ್ಮ ಊರಿನ ಬಗ್ಗೆ ಏನೇನು ಹೇಳುತ್ತಿದ್ದರು?” ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅವರ ಸಂಪ್ರದಾಯದಲ್ಲಿ ಸಾವಿನ ನಂತರದ 49 ದಿನಗಳು ಮುಖ್ಯ; ವ್ಯಾಪಾರದ ನಾಲ್ಕೇ ತಿಂಗಳಲ್ಲಿ ಅಂಗಡಿ ಬಿಟ್ಟು ಹೋಗಲಾಗದೆ ಅವರು ಒಳಗೇ ನೊಂದಿರಬಹುದು. ಪೂಜೆ ಎಲ್ಲಿ, ಯಾರು ಮಾಡಿಸುತ್ತಿದ್ದಾರೆಂದು ವಿಚಾರಿಸಿದರೂ ಆದೀತು. ನಿದ್ದೆ, ಊಟ ಬಿಟ್ಟು ತಿಂಗಳುಗಟ್ಟಲೆ ಕುಗ್ಗಿದ್ದಾರೆಂದು ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ತಿಳಿಸಿ. ಅಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಆ ಚಿಲ್ಲರೆಯ ವಿಷಯ. ಹತ್ತು ವರ್ಷ ಚೌಕಾಸಿ ಮಾಡಿದವರು ಒಮ್ಮೆಲೇ ಕೇಳಿದಷ್ಟು ಕೊಟ್ಟು ಹೋದರೆ, ಅದು ಕನಿಕರವೆಂದು ಅವರಿಗೆ ತಿಳಿಯದೆ ಇರದು. ಎರಡರಲ್ಲಿ ಒಂದು ಸ್ವೆಟರ್ ಬಿಗಿಯಾಯಿತೆಂದು ಬದಲಾಯಿಸಿಕೊಳ್ಳಲು ಹೋಗಿ. ಮಾತಿಗೆ ಕೂರಲು ಅದೇ ನೆಪವಾದೀತು.